ಮೇಷ್ಟ್ರು ಕಲಿಯೋದು ಯಾವಾಗ?

ತರಬೇತಿಗೆ ಹೋಗಿ ಬಂದ ಮೇಷ್ಟ್ರುಗಳ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇದ್ದೇ ಇರುತ್ತೆ, ನೋಡಿದ್ದೀರಾ? ಬಟನ್ ಒತ್ತಿ ಮುಚ್ಚುವಂಥದ್ದು. ಒಳಗೊಂದು ನೋಟ್‌ಪ್ಯಾಡು, ಮೊದಲ ಎರಡು ಹಾಳೆ ತುಂಬಿದ್ದು, ಮಿಕ್ಕಿದ್ದೆಲ್ಲ ಖಾಲಿ. ಒಂದು ಪೆನ್ನು. ವೇಳಾಪಟ್ಟಿಯ ಜೆರಾಕ್ಸು. ಎಲ್ಲಕ್ಕಿಂತ ಜೋಪಾನವಾಗಿ ಹಾಜರಾತಿ ಪ್ರಮಾಣಪತ್ರ. ಆ ಪತ್ರ ಮಾರನೇ ದಿನವೇ ಶಾಲೆ ಸೇರುತ್ತೆ, ಓಓಡಿ, ಅಂದರೆ ಕರ್ತವ್ಯದ ಮೇಲೆ ಹೊರಗಿದ್ದರು ಅಂತ ಹಾಜರಿ, ಹಾಕಬೇಕಲ್ಲ. ಫೈಲು ಮಾತ್ರ ಮನೆಯಲ್ಲೇ ಉಳಿದು, ನಿಧಾನಕ್ಕೆ ಅದರೊಳಗೆ ಕರೆಂಟ್ ಬಿಲ್ಲು, ಮಗಳ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡಿನ ನಕಲು ಬಂದು ಕೂರುತ್ತವೆ. ನಮ್ಮ ಬೀರುವಿನಲ್ಲೂ ಅಂಥವು ನಾಲ್ಕಾರಿವೆ. ಗಟ್ಟಿಮುಟ್ಟಾದ ಫೈಲು, ಎಸೆಯೋಕೆ ಮನಸ್ಸು ಬರಲ್ಲ, ಅಲ್ವಾ?

ಈ ಮಾತು ಯಾಕೆ ಬಂತೂಂದ್ರೆ, ನಮ್ಮ ಕಾಂಪೌಂಡಿನ ಆಚೆ ಮನೆಯ ಟೀಚರು ಹೋದ ತಿಂಗಳು ತರಬೇತಿ ಮುಗಿಸಿಕೊಂಡು ಬಂದರು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು-ಐದನೇ ತರಗತಿಗೆ ಗಣಿತ ಮಾಡುವವರು. ನಾನು ಶಾಲೆಯಿಂದ ನಿವೃತ್ತನಾಗಿ ಪಿಂಚಣಿ ಎಣಿಸುತ್ತ ಕೂತವನು. ಸಂಜೆ ಗಿಡಕ್ಕೆ ನೀರು ಬಿಡುವಾಗ ಇಬ್ಬರೂ ಕಾಂಪೌಂಡಿನ ಹತ್ತಿರ ನಿಂತು ಶಾಲೆ ಸುದ್ದಿ ಮಾತಾಡೋದು ರೂಢಿ. "ಹೇಗಿತ್ತಮ್ಮ ತರಬೇತಿ?" ಅಂದೆ. "ಚೆನ್ನಾಗಿತ್ತು ಸಾರ್, ಊಟಾನೂ ಚೆನ್ನಾಗಿತ್ತು. ಆದ್ರೆ ನನ್ನ ಮಕ್ಕಳು ಎಲ್ಲಿ ತಪ್ಪು ಮಾಡ್ತಿದ್ದಾರೋ ಆ ವಿಷಯ ಮಾತ್ರ ಬರಲೇ ಇಲ್ಲ" ಅಂದರು. ಬೇಜಾರಿನಲ್ಲಿ ಹೇಳಿದ್ದಲ್ಲ, ಇದ್ದದ್ದನ್ನ ಇದ್ದಹಾಗೆ ಹೇಳಿದ್ದು. ಆ ಮಾತು ಇನ್ನೂ ನನ್ನ ತಲೆಯಲ್ಲೇ ಕೂತಿದೆ.

ತರಬೇತಿ ಅಂದರೆ ಗೊತ್ತಲ್ಲ. ತಾಲ್ಲೂಕಿನ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯ ಹಾಲು. ಮೊದಲು ಪ್ರಾರ್ಥನೆ, ಆಮೇಲೊಂದು ಚಪ್ಪಾಳೆ ಹಾಡು, ಪರಿಚಯ. ಆಮೇಲೆ ತಂಡ ಮಾಡೋದು. ತಂಡಗಳಿಗೆ ನದಿಗಳ ಹೆಸರೇ ಆಗಬೇಕು: ಕಾವೇರಿ, ತುಂಗಾ, ಶರಾವತಿ, ನೇತ್ರಾವತಿ. ನದಿ ಬಿಟ್ಟರೆ ಹೂವು. ಪ್ರತಿ ತಂಡಕ್ಕೂ ಒಂದು ಡ್ರಾಯಿಂಗ್ ಶೀಟು, ಎರಡು ಸ್ಕೆಚ್ ಪೆನ್ನು. ಇಲ್ಲೊಂದು ತಮಾಷೆ ಇದೆ ನೋಡಿ. ತಂಡದಲ್ಲಿ ಅಕ್ಷರ ದುಂಡಗಿರುವ ಒಬ್ಬರು ಇದ್ದೇ ಇರ್ತಾರೆ, ಸ್ಕೆಚ್ ಪೆನ್ನು ಅವರ ಕೈಗೇ ಹೋಗುತ್ತೆ. ಮಾತು ಚೆನ್ನಾಗಿ ಬರುವ ಇನ್ನೊಬ್ಬರು ಶೀಟು ಹಿಡಿದು ಮುಂದೆ ಹೋಗಿ ಮಂಡಿಸ್ತಾರೆ. ಮಿಕ್ಕವರು ಶೀಟಿನ ಮೂಲೆ ಹಿಡಿದುಕೊಂಡು ನಿಲ್ಲೋದು. ವರ್ಷಗಟ್ಟಲೆ ಹೀಗೇ ನಡೆದು, ಅಕ್ಷರ ದುಂಡಗಿದ್ದ ತಪ್ಪಿಗೆ ಬಾಯೇ ಬಿಡದೆ ನಿವೃತ್ತರಾದ ಒಬ್ಬ ಗೆಳೆಯರು ನನಗಿದ್ದರು. ತರಗತಿಯಲ್ಲಿ ಅವರು ಪಾಠ ಮಾಡುತ್ತಿದ್ದುದನ್ನ ನೋಡಿದವನು ನಾನು. ಒಂದನೇ ತರಗತಿ ಮಕ್ಕಳು ಅವರ ಪಂಚೆ ಚುಂಗು ಬಿಡುತ್ತಿರಲಿಲ್ಲ. ಅವರು ಬಾಯಿ ಬಿಟ್ಟಿದ್ದರೆ ಆ ಹಾಲಿನಲ್ಲಿದ್ದ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಾಗಂತ ಸರ್ಕಾರ ಈ ವಿಷಯದಲ್ಲಿ ಕೈ ಬಿಗಿ ಹಿಡಿದಿದೆ ಅನ್ನೋಕೂ ಆಗಲ್ಲ. 1986ರ ಶಿಕ್ಷಣ ನೀತಿ ಬಂದ ಮೇಲೆ ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆ, ಡಯಟ್, ಆಯಿತು. 2001ರಲ್ಲಿ ಸರ್ವ ಶಿಕ್ಷಾ ಅಭಿಯಾನ ಬಂದಾಗ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 20 ದಿನ ತರಬೇತಿ, ಒಬ್ಬರಿಗೆ ದಿನಕ್ಕೆ 70 ರೂಪಾಯಿ ಖರ್ಚು ಅಂತ ಲೆಕ್ಕ ಬರೆದಿಟ್ಟರು. ಆ 70 ರೂಪಾಯಿಯಲ್ಲೇ ಊಟ, ಟೀ, ಡ್ರಾಯಿಂಗ್ ಶೀಟು ಎಲ್ಲ ಸರಿದೂಗಿಸಬೇಕಾಗಿದ್ದ, ತರಬೇತಿ ನಡೆಸುವ ಬಿಆರ್‌ಪಿಗಳ ಪಾಡು ಅವರಿಗೇ ಪ್ರೀತಿ! 2019ರ ಆಗಸ್ಟಿನಲ್ಲಿ ನಿಷ್ಠಾ ಅನ್ನೋ ಕೇಂದ್ರ ಸರ್ಕಾರದ ತರಬೇತಿ ಶುರುವಾಯಿತು, ದೇಶದಲ್ಲಿ ಒಟ್ಟು 42 ಲಕ್ಷ ಜನಕ್ಕೆ ತರಬೇತಿ ಕೊಡುವ ಗುರಿ ಇಟ್ಟುಕೊಂಡು. ಅಷ್ಟರಲ್ಲಿ ಕೊರೋನ ಬಂತು. ಅದೇ ನಿಷ್ಠಾ ದೀಕ್ಷಾ ಆ್ಯಪಿಗೆ ಹತ್ತಿತು, 18 ಕೋರ್ಸುಗಳಾಗಿ. ಆಗ ಈ ನಮ್ಮ ಟೀಚರು ರಾತ್ರಿ ಅನ್ನ ಸಾರು ಮುಗಿಸಿ, ಸಿಗ್ನಲ್ ಸಿಗುತ್ತೆ ಅಂತ ಮಹಡಿ ಮೆಟ್ಟಿಲ ಮೇಲೆ ಕೂತು, ಮೊಬೈಲಿನಲ್ಲಿ ವೀಡಿಯೋ ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪಕ್ಕದಲ್ಲಿ ಸೊಳ್ಳೆ ಬತ್ತಿ. ಕೋರ್ಸು ಮುಗಿದು ಸರ್ಟಿಫಿಕೇಟು ಬಂತು ಅಂದ್ರೆ ಮಕ್ಕಳ ಹಾಗೆ ಖುಷಿ. ಖುಷಿಪಡಬೇಕಾದ್ದೇ ಬಿಡಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇನ್ನೊಂದು ಮಾತು ಇದೆ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕಡಿಮೆಯೆಂದರೆ 50 ಗಂಟೆ ವೃತ್ತಿಪರ ಕಲಿಕೆಗೆ ಕೊಡಬೇಕು ಅಂತ. ಈ 50 ಗಂಟೆ ಅನ್ನೋದು ಎಲ್ಲರ ಬಾಯಲ್ಲೂ ಓಡಾಡುತ್ತೆ. ಅದರ ಬಾಲದಲ್ಲೇ ಇರುವ ಇನ್ನೊಂದು ಮಾತನ್ನ ಮಾತ್ರ ಜನ ಅಷ್ಟಾಗಿ ಕಿವಿಗೆ ಹಾಕಿಕೊಂಡ ಹಾಗಿಲ್ಲ. ಆ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯ ಮೇಲೆ ನಡೆಯಬೇಕು ಅಂತಲೂ ಅಲ್ಲೇ ಬರೆದಿದ್ದಾರೆ. ನನ್ನ ಕೇಳಿದರೆ ಜೀವ ಇರೋದು ಅಲ್ಲಿ. 50 ಗಂಟೆ ತುಂಬಿಸೋದು ಕಷ್ಟವಲ್ಲ, ಫ್ಯಾನಿನ ಕೆಳಗೆ ಕೂತರೂ ತುಂಬುತ್ತೆ. ನನಗೆ ಏನು ಬರಲ್ಲ, ನಾನು ಏನು ಕಲೀಬೇಕು ಅಂತ ಕಂಡುಕೊಳ್ಳೋ ಕೆಲಸವನ್ನ ಬೇರೆ ಯಾರೂ ನಮ್ಮ ಪರವಾಗಿ ಮಾಡಿಕೊಡಲ್ಲ, ಅಲ್ವಾ?

ಟೀಚರ ಮಕ್ಕಳ ತಪ್ಪಿನ ವಿಷಯಕ್ಕೆ ಬರ್ತೀನಿ, ಅದು ಸ್ವಾರಸ್ಯವಾಗಿದೆ. ಒಂದು ಸಂಜೆ ನಾಲ್ಕಾರು ನೋಟ್‌ಬುಕ್ಕು ತಂದು ಕಾಂಪೌಂಡಿನ ಮೇಲೆ ಹರಡಿದರು. 52ರಲ್ಲಿ 27 ಕಳೆಯುವ ಲೆಕ್ಕ. ಅರ್ಧ ಮಕ್ಕಳು 35 ಅಂತ ಬರೆದಿದ್ದಾರೆ. ಎಲ್ಲರದ್ದೂ 35. ಒಬ್ಬರನ್ನ ನೋಡಿ ಒಬ್ಬರು ಬರೆದದ್ದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಬೇರೆ ಬೇರೆ ಬೆಂಚಿನವರು, ಒಬ್ಬನಂತೂ ಆ ದಿನ ರಜ ಹಾಕಿ ಮಾರನೇ ದಿನ ಮಾಡಿದ್ದು. ಬಿಡಿಸ್ಥಾನ ನೋಡಿ: 2ರಲ್ಲಿ 7 ಹೋಗಲ್ಲ. ಹೋಗಲ್ಲ ಅಂದಮೇಲೆ ಮಗು ಏನು ಮಾಡಿದೆ, 7ರಲ್ಲೇ 2 ಕಳೆದು 5 ಬರೆದಿದೆ. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋದರೆ 3. ಆಯಿತಲ್ಲ, 35. ಟೀಚರು ಒಬ್ಬ ಹುಡುಗಿಯನ್ನ ಕರೆದು, ಯಾಕಮ್ಮ ಹೀಗೆ ಮಾಡಿದೆ ಅಂತ ಮೆತ್ತಗೆ ಕೇಳಿದರಂತೆ. ಆ ಹುಡುಗಿ, "ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ ಹೇಳಿಕೊಟ್ಟಿದ್ದಾರಲ್ಲ ಟೀಚರ್" ಅಂತಂತೆ!

ನೋಡಿ, ಮಗು ಕೇಳಿಸಿಕೊಂಡಿಲ್ಲ ಅನ್ನುವ ಹಾಗೇ ಇಲ್ಲ. ಹಿಂದಿನ ತರಗತಿಯಲ್ಲಿ ಯಾರೋ ಹೇಳಿದ ಮಾತನ್ನ ಅಕ್ಷರಶಃ ಪಾಲಿಸಿದೆ. ನನಗಂತೂ ಆ ಹುಡುಗಿಯ ಮೇಲೆ ಅಭಿಮಾನವೇ ಬಂತು.

ಇನ್ನೂ ಒಂದು ಇದೆ. ಆ ಮಕ್ಕಳಲ್ಲಿ ಒಬ್ಬನದು ಅಂಗಡಿ ಮನೆ. ಸಂಜೆ ಗಲ್ಲಾ ಮೇಲೆ ಅವನೇ ಕೂರ್ತಾನೆ. ಅವನದ್ದೂ 35. ಟೀಚರು ಅವನನ್ನ ಬಾಯಲ್ಲಿ ಕೇಳಿದರು, "27 ರೂಪಾಯಿ ಸಾಮಾನು, ನಾನು 52 ಕೊಟ್ಟೆ, ಎಷ್ಟು ವಾಪಸ್ ಕೊಡ್ತೀಯೋ?" ಅಂತ. "ಇಪ್ಪತ್ತೈದು" ಅಂತ ಕಣ್ಣು ಮಿಟುಕಿಸೋದರೊಳಗೆ ಹೇಳಿದ. 52 ಯಾಕೆ ಕೊಟ್ಟಿರಿ ಅಂತ ಕೂಡ ಕೇಳಲಿಲ್ಲ. ಚಿಲ್ಲರೆ ಸಮಸ್ಯೆ ಬಗೆಹರಿಯಲಿ ಅಂತ ಎರಡು ರೂಪಾಯಿ ಸೇರಿಸಿ ಕೊಡೋದು ಅವನಿಗೆ ದಿನಾ ಗೊತ್ತಿರೋ ವಿಷಯ. ಬಾಯಲ್ಲಿ 25, ಪುಸ್ತಕದಲ್ಲಿ 35. ಎರಡೂ ಅವನದೇ ಉತ್ತರ. ಎರಡಕ್ಕೂ ಸಂಬಂಧ ಇದೆ ಅಂತ ಅವನಿಗೆ ತೋಚೇ ಇಲ್ಲ.

ಈ ಟೀಚರಿಗೆ ಅಲ್ಲಿಂದ ಹಿಡಿಯಿತು ನೋಡಿ ಗೀಳು. ಯಾರನ್ನೋ ಕೇಳಿ, ಎಲ್ಲೋ ಹುಡುಕಿ, ಬ್ರೆಜಿಲ್ ದೇಶದ ಸಂಗತಿಯೊಂದನ್ನ ಹಿಡಿದು ತಂದರು. ಅಲ್ಲಿನ ರೆಸಿಫೆ ಅನ್ನೋ ಊರಿನಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಮಕ್ಕಳನ್ನ ಮೂವರು ಸಂಶೋಧಕರು ಮಾತಾಡಿಸಿ, 1985ರಲ್ಲಿ ಬರೆದರು. ಬರೀ ಐದು ಮಕ್ಕಳು. ವ್ಯಾಪಾರದ ನಡುವೆ ಕೇಳಿದ ಲೆಕ್ಕದಲ್ಲಿ ಆ ಮಕ್ಕಳದ್ದು ನೂರಕ್ಕೆ 98 ಸರಿ. ಅದೇ ಲೆಕ್ಕವನ್ನ ಕಾಗದದ ಮೇಲೆ ಬರೀ ಅಂಕಿಯಾಗಿ ಕೊಟ್ಟರೆ ನೂರಕ್ಕೆ 37. ಎಲ್ಲಿಯ ಬ್ರೆಜಿಲ್, ಎಲ್ಲಿಯ ನಮ್ಮೂರ ಗಲ್ಲಾ ಪೆಟ್ಟಿಗೆ! ಅದನ್ನ ಓದಿ ಹೇಳುವಾಗ ಟೀಚರ ಮುಖ ನೋಡಬೇಕಿತ್ತು ನೀವು. ಮೊದಲು ಬೇಜಾರಾಗಿದ್ದ ತಪ್ಪು ಲೆಕ್ಕ ಈಗ ಅವರಿಗೆ ಅಮೂಲ್ಯವಾಗಿಬಿಟ್ಟಿತ್ತು. ಮಾರನೇ ದಿನವೇ ಶಾಲೆಯ ಬೀರುವಿನಲ್ಲಿದ್ದ, ಗಣಿತ ಕಲಿಕಾ ಆಂದೋಲನ ಅನ್ನೋ ಕಾರ್ಯಕ್ರಮದಲ್ಲಿ ಬಂದ ಪೆಟ್ಟಿಗೆ ಇಳಿಸಿದರು. ಅದರಲ್ಲಿ ಆಟದ ನೋಟು-ನಾಣ್ಯ ಇರ್ತಾವಲ್ಲ, ಅವನ್ನೇ ಹಂಚಿ, ತರಗತಿಯಲ್ಲಿ ಅಂಗಡಿ ಹೂಡಿದರು. ಹತ್ತರ ನೋಟು ಮುರಿಸಿ ಹತ್ತು ಒಂದರ ನಾಣ್ಯ ಮಾಡಿಕೊಳ್ಳೋದು. ಮುರಿಸಿದ್ದನ್ನ ಅಲ್ಲಲ್ಲೇ ಪುಸ್ತಕದಲ್ಲಿ ಬರೆಯೋದು. 5ರ ತಲೆ ಮೇಲೆ ಗೀಟು ಹಾಕಿ 4 ಅಂತ ಬರೆಯೋದು ಯಾಕೆ ಅಂತ ಅಂಗಡಿ ಹುಡುಗನೇ ಮಿಕ್ಕವರಿಗೆ ಹೇಳಿಕೊಟ್ಟನಂತೆ: "ಒಂದು ನೋಟು ಮುರಿಸಿದ್ವಲ್ಲ, ನಾಲ್ಕೇ ಉಳಿದಿದ್ದು."

ಪೆಟ್ಟಿಗೆ ಬಂದು ಎಷ್ಟೋ ಕಾಲವಾಗಿತ್ತು. ಅದರ ತರಬೇತಿಗೂ ಅವರು ಹೋಗಿ ಬಂದಿದ್ದರು. ಆಗ ಈ ಪ್ರಶ್ನೆ ಅವರದಾಗಿರಲಿಲ್ಲ, ಅಷ್ಟೇ. ಪ್ರಶ್ನೆ ನಮ್ಮದಾದ ಮೇಲೆ ಹಳೇ ತರಬೇತಿಯ ಮಾತೂ ನೆನಪಿಗೆ ಬರುತ್ತೆ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಟೈಲರ್ ಇದ್ದ. ಅವನ ಗುರು ಬರೀ ಅಂಗಿ, ಚಡ್ಡಿ ಹೇಳಿಕೊಟ್ಟು ಊರು ಬಿಟ್ಟಿದ್ದ. ಪ್ಯಾಂಟು ಹೊಲಿಯೋದು ಇವನಿಗೆ ಬರುತ್ತಿರಲಿಲ್ಲ. ಆಲ್ಟರೇಷನ್ನಿಗೆ ಯಾರಾದರೂ ಒಳ್ಳೇ ಕಡೆ ಹೊಲಿಸಿದ ಪ್ಯಾಂಟು ತಂದರೆ, ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು ಒಂದೊಂದೇ ಹೊಲಿಗೆ ಬಿಚ್ಚೋದು. ಬಿಚ್ಚಿದ ತುಂಡನ್ನ ಹಳೇ ಪೇಪರಿನ ಮೇಲಿಟ್ಟು ಗೆರೆ ಎಳೆಯೋದು. ಬೆಳಿಗ್ಗೆಯೊಳಗೆ ಮತ್ತೆ ಹಾಗೇ ಹೊಲಿದು, ಆಲ್ಟರೇಷನ್ನೂ ಮಾಡಿ ಕೊಡೋದು. ಗಿರಾಕಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಜೇಬಿನ ಒಳಗಿನ ಬಟ್ಟೆಯನ್ನ ಯಾವ ಕಡೆಯಿಂದ ಸೇರಿಸಬೇಕು ಅನ್ನೋದೊಂದೇ ಅವನಿಗೆ ಬಹಳ ದಿನ ಕಗ್ಗಂಟಾಗಿತ್ತಂತೆ. ಅದನ್ನ ಬಿಡಿಸಿಕೊಂಡ ದಿನ ಹೆಂಡತಿಯನ್ನ ಎಬ್ಬಿಸಿ ತೋರಿಸಿದನಂತೆ. ಆಯಮ್ಮ ನಿದ್ದೆಗಣ್ಣಲ್ಲೇ ಜೇಬಿಗೆ ಕೈ ಹಾಕಿ ನೋಡಿ, ಸರಿಯಾಗಿದೆ ಅಂದು ಮಲಗಿಕೊಂಡಳಂತೆ. ಎಲ್ಲಿಂದ ಎಲ್ಲಿಗೋ ಹೋದೆ. ಆದರೆ ನಮ್ಮ ಟೀಚರು ನೋಟ್‌ಬುಕ್ಕಿನ 35ನ್ನ ಬಿಚ್ಚಿ ನೋಡಿದಾಗ ನನಗೆ ಆ ಟೈಲರೇ ನೆನಪಾದದ್ದು.

ಹೀಗೆ ಮೇಷ್ಟ್ರುಗಳ ಸ್ವಂತ ಪ್ರಶ್ನೆಯಿಂದಲೇ ಹುಟ್ಟಿದ್ದು ಇನ್ನೊಂದಿದೆ, ಸಣ್ಣ ತರಗತಿಯ ಮಕ್ಕಳಿಗೆ ಕಾರ್ಡು, ಹಾಡು ಹಿಡಿದು ಕಲಿಸುವ ನಲಿ-ಕಲಿ. ನಿಮ್ಮ ಮನೆಯಲ್ಲಿ ಸರ್ಕಾರಿ ಶಾಲೆಗೆ ಹೋದ ಮಕ್ಕಳಿದ್ದರೆ ಗೊತ್ತಿರುತ್ತೆ. ಅಜ್ಜಿಯರಿಗೆಲ್ಲ ಅದೊಂದು ದೊಡ್ಡ ಗಲಿಬಿಲಿ. ಮೊಮ್ಮಗು ಶಾಲೆಗೆ ಸೇರಿ ಎರಡು ತಿಂಗಳಾಯಿತು, ಇನ್ನೂ ಅ ಆ ಇ ಈ ಬರಲ್ಲ, ರ ಗ ಸ ದ ಅ ಅಂತ ಹೇಳುತ್ತೆ! ಅಕ್ಷರಮಾಲೆಗೆ ರ ಮೊದಲು ಯಾವಾಗ ಬಂತು? ನನ್ನ ಅತ್ತೆಯವರು ಇದನ್ನ ಕೊನೇವರೆಗೂ ಒಪ್ಪಲಿಲ್ಲ. ಆದರೆ ಆ ಐದು ಅಕ್ಷರ ಒಂದರ ಪಕ್ಕ ಒಂದು ಬರೆದು ನೋಡಿ. ಎಲ್ಲ ಹತ್ತಿರ ಹತ್ತಿರದ ದುಂಡು. ಒಂದನ್ನ ತಿದ್ದಿದ ಕೈಗೆ ಇನ್ನೊಂದು ಸುಲಭ. ಅಷ್ಟೇ ಅಲ್ಲ, ಐದು ಅಕ್ಷರ ಬಂದವೋ ಇಲ್ಲವೋ ಮಗು ಓದೋಕೆ ಶುರು ಮಾಡಿಬಿಡುತ್ತೆ: ಸರ, ದರ, ಅರಸ, ಸರಸ, ಗರಗಸ. ಗರಗಸ ಅಂತ ಓದಿದ ದಿನ ಮಗುವಿನ ಮುಖದಲ್ಲಿ ಆ ಹೆಮ್ಮೆ! ವರ್ಣಮಾಲೆ ಪೂರ್ತಿ ಮುಗಿಯೋವರೆಗೂ ಒಂದು ಪದ ಓದೋಕೆ ಕಾಯಬೇಕಿಲ್ಲ.

ಇದು ಬೆಂಗಳೂರಿನ ಕಚೇರಿಯಲ್ಲಿ ಹುಟ್ಟಿದ್ದಲ್ಲ ಅನ್ನೋದೇ ನನಗೆ ಇದರಲ್ಲಿ ಬಹಳ ಇಷ್ಟವಾದದ್ದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಕಾಡಂಚಿನ ಊರುಗಳು. ಮಕ್ಕಳು ದನ ಕಾಯೋಕೆ, ತಂಗಿ ತಮ್ಮಂದಿರನ್ನ ನೋಡಿಕೊಳ್ಳೋಕೆ ಅಂತ ವಾರಗಟ್ಟಲೆ ಬರುತ್ತಿರಲಿಲ್ಲ. ವಾಪಸ್ ಬಂದರೆ ಪಾಠ ಎಲ್ಲೋ ಹೋಗಿರುತ್ತೆ, ಮಗು ಎಲ್ಲೋ ಇರುತ್ತೆ, ಆಮೇಲೆ ಶಾಲೆ ಬಿಟ್ಟೇಬಿಡುತ್ತೆ. ಅಲ್ಲಿನ ಮೇಷ್ಟ್ರುಗಳಿಗೆ ಈ ಸಂಕಟ ದಿನಾ ಕಣ್ಣೆದುರಿಗಿತ್ತು. ಯುನಿಸೆಫ್ ನೆರವಿನಿಂದ ಅವರಲ್ಲಿ ಕೆಲವರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯೋದನ್ನ ನೋಡಿಕೊಂಡು ಬಂದರು. ಬಂದು ಅದನ್ನೇ ನಕಲು ಹೊಡೆಯಲಿಲ್ಲ. ಕೂತು ಕನ್ನಡಕ್ಕೆ ತಕ್ಕ ಹಾಗೆ ತಾವೇ ಕಾರ್ಡು ಬರೆದರು, ಚಿತ್ರ ಬಿಡಿಸಿದರು, ಹಾಡು ಕಟ್ಟಿದರು. ಮಗು ಹದಿನೈದು ದಿನ ಬಿಟ್ಟು ಬಂದರೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತಬಹುದು, ಹಾಗೆ ಏಣಿ ಮಾಡಿದರು. ಕಾರ್ಡುಗಳ ಮೇಲೆ ಪ್ರಾಣಿ ಪಕ್ಷಿ ಚಿತ್ರ, ಓದು ಬಾರದ ಮಗುವಿಗೂ ತನ್ನ ಕಾರ್ಡು ಯಾವುದು ಅಂತ ಗೊತ್ತಾಗಲಿ ಅಂತ. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಬರೆದದ್ದನ್ನೆಲ್ಲ ತೂಗು ಹಾಕುವ ಕಲಿಕಾ ಚಪ್ಪರ. ಗೋಡೆಯ ಬುಡದಲ್ಲಿ, ನೆಲದ ಮೇಲೆ ಕೂತ ಮಗುವಿನ ಕೈಗೆ ಎಟುಕುವ ಹಾಗೆ ಕರಿಹಲಗೆ. ಆ ಕರಿಹಲಗೆಯ ಎತ್ತರವನ್ನ ಮಗುವಿನ ಪಕ್ಕ ನೆಲದ ಮೇಲೆ ಕೂತು ನೋಡಿದವರೇ ನಿರ್ಧರಿಸಲು ಸಾಧ್ಯ, ಅಲ್ವಾ?

ಅದು ಚೆನ್ನಾಗಿ ನಡೆಯಿತು ಅಂತ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ತಂದರು. ಒಳ್ಳೇ ಕೆಲಸವೇ. ಆದರೆ ಹೆಗ್ಗಡದೇವನಕೋಟೆಯವರಿಗೆ ತಮ್ಮ ಸಂಕಟಕ್ಕೆ ಸಿಕ್ಕ ದಾರಿಯಾಗಿದ್ದದ್ದು, ದೂರದ ಎಷ್ಟೋ ಶಾಲೆಗಳಿಗೆ ಸುತ್ತೋಲೆಯಾಗಿ ಬಂತು. ಅದನ್ನ ಕೈಗೆತ್ತಿಕೊಂಡು ತಮ್ಮದು ಮಾಡಿಕೊಂಡ ಟೀಚರುಗಳ ಕೊಠಡಿ ಇವತ್ತಿಗೂ ಹೂವಿನ ಸಂತೆ. ಕಾಟಾಚಾರಕ್ಕೆ ಮಾಡಿದ ಕಡೆ ಕಾರ್ಡಿನ ಮೂಲೆ ಕೂಡ ಸವೆಯಲಿಲ್ಲ. ಕಾರ್ಡು ಅದೇ, ಏಣಿ ಅದೇ, ತರಬೇತಿಯೂ ಅದೇ.

ಹಾಗಂತ ಕಲಿಯೋ ಹೊಣೆಯೆಲ್ಲ ಮೇಷ್ಟ್ರದ್ದೇ ಅಂತ ಹೇಳಿ ಮಿಕ್ಕವರು ಕೈ ತೊಳೆದುಕೊಂಡರೆ ನಾನು ಒಪ್ಪೋನಲ್ಲ. ಒಬ್ಬರೇ ಟೀಚರಿರುವ ಶಾಲೆ ಇದೆ ಅಂತ ಇಟ್ಟುಕೊಳ್ಳಿ. ಅವರು ತರಬೇತಿಗೆ ಹೋದರೆ ಮಕ್ಕಳನ್ನ ಯಾರು ನೋಡ್ತಾರೆ? ಬಿಸಿಯೂಟ ಯಾರು ಹಾಕಿಸ್ತಾರೆ? ಹೋದವರ ಮನಸ್ಸು ಐದು ದಿನವೂ ಶಾಲೆಯಲ್ಲೇ. ಜನಗಣತಿ, ಮತದಾರರ ಪಟ್ಟಿ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಎಂಟ್ರಿ, ಇವೆಲ್ಲದರ ಮಧ್ಯೆ "ನೀವು ಸ್ವಂತ ಆಸಕ್ತಿಯಿಂದ ಕಲೀರಿ" ಅಂದರೆ ಯಾವ ಹೊತ್ತಿನಲ್ಲಿ ಕಲೀಬೇಕು? ಮಹಡಿ ಮೆಟ್ಟಿಲಿನ ಮೇಲೆ, ಸೊಳ್ಳೆ ಕಚ್ಚಿಸಿಕೊಂಡು? ಹೆಣ್ಣುಮಕ್ಕಳಿಗಂತೂ ಶಾಲೆ ಮುಗಿದ ಮೇಲೆ ಮನೆಯ ಪಾಳಿ ಶುರು. ಕಲಿಯೋ ಮನಸ್ಸು ಅವರದ್ದಾಗಬೇಕು, ಸರಿ. ಕಲಿಯೋ ಹೊತ್ತನ್ನ ಶಾಲೆ ಕೊಡಬೇಕು, ಇಲಾಖೆ ಕೊಡಬೇಕು. ಕೆಲಸದ ಗಂಟೆಯೊಳಗೇ ಕೊಡಬೇಕು. ಇದರಲ್ಲಿ ನಾನು ರಾಜಿಯಾಗೋನಲ್ಲ.

ಆಯ್ಕೆ ಕೊಟ್ಟಾಗ ಏನಾಗುತ್ತೆ ಅಂತಲೂ ನೋಡಿದ್ದೇವೆ. 2017-18ರ ಸುಮಾರಿಗೆ ಗುರುಚೇತನ ಅಂತ ಬಂತಲ್ಲ, ಅದರಲ್ಲಿ ಇಂಥ ವಿಷಯದ ತರಬೇತಿ ಬೇಕು ಅಂತ ಶಿಕ್ಷಕರೇ ಆರಿಸಿಕೊಳ್ಳುವ ಹಾಗಿತ್ತು. ಪಟ್ಟಿ ನೋಡಿಕೊಂಡು, ನನಗೆ ಇದು ಬೇಕು ಅಂತ ಗುರುತು ಹಾಕೋದು ಸಣ್ಣ ಕೆಲಸ. ಆದರೆ ಗುರುತು ಹಾಕೋ ಮೊದಲು ಒಂದು ಕ್ಷಣ ಯೋಚಿಸಬೇಕಾಗುತ್ತಲ್ಲ! ಯಾದಗಿರಿ, ಸುರಪುರದ ಕಡೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಶಿಕ್ಷಕರ ಕಲಿಕಾ ಕೇಂದ್ರ ತೆರೆದಿದ್ದಾರೆ. ಪುಸ್ತಕ, ಗಣಿತದ ಸಾಮಾನು, ಕೂತು ಮಾತಾಡೋಕೆ ಜಾಗ. ಅಲ್ಲಿ ಸ್ವಯಂಪ್ರೇರಿತ ಶಿಕ್ಷಕರ ವೇದಿಕೆ ಅಂತ ಮಾಡಿಕೊಂಡು, ಶಾಲೆ ಮುಗಿದ ಮೇಲೆ, ರಜೆಯ ದಿನ ಮೇಷ್ಟ್ರುಗಳು ತಾವಾಗಿ ಬಂದು ಕೂರ್ತಾರೆ. ಓಓಡಿ ಇಲ್ಲ, ಟಿಎ ಡಿಎ ಇಲ್ಲ. ಯಾಕೆ ಬರ್ತಾರೆ? ತಮ್ಮ ಪ್ರಶ್ನೆಗೆ ಕಿವಿ ಕೊಡುವವರು ಅಲ್ಲಿದ್ದಾರೆ, ಅದಕ್ಕೆ.

ಓದಿನ ವಿಷಯಾನೂ ಹೇಳಿಬಿಡ್ತೀನಿ. ಧಾರವಾಡದ 'ಜೀವನ ಶಿಕ್ಷಣ' ಮಾಸಪತ್ರಿಕೆ ನೋಡಿದ್ದೀರಲ್ಲ, ಅದು ಹತ್ತೊಂಬತ್ತನೇ ಶತಮಾನದಲ್ಲಿ 'ಮಠಪತ್ರಿಕೆ' ಅಂತ ಹುಟ್ಟಿದ್ದು. ಮುಂಬೈ ಪ್ರಾಂತ್ಯದಲ್ಲಿ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗುತ್ತಿದ್ದ ಕಾಲ. ಆ ಕಾಲದಲ್ಲೇ, ಹಳ್ಳಿಯ ಮೇಷ್ಟ್ರಿಗೆ ಓದೋಕೆ ಅಂತಲೇ ಒಂದು ಪತ್ರಿಕೆ ಬೇಕು ಅಂತ ಯೋಚಿಸಿದರಲ್ಲ! ಇನ್ನು ಪುಸ್ತಕ ಅಂದರೆ, ಯಾರಾದರೂ ಹೊಸದಾಗಿ ಕೆಲಸಕ್ಕೆ ಸೇರಿದವರು ಸಿಕ್ಕಿದರೆ ನಾನು ಎರಡನ್ನ ಕೊಡ್ತೀನಿ. ಒಂದು ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. ಇನ್ನೊಂದು ಜಪಾನಿನ ತೆತ್ಸುಕೋ ಕುರೊಯನಾಗಿ ಅವರ 'ತೊತ್ತೋಚಾನ್', ವಿ. ಗಾಯತ್ರಿಯವರು ಸೊಗಸಾಗಿ ಕನ್ನಡಕ್ಕೆ ತಂದಿದ್ದಾರೆ. ಕೊಟ್ಟದ್ದು ಎಷ್ಟೋ ಸಲ ವಾಪಸ್ ಬರಲ್ಲ. ಬರದೇ ಇದ್ದರೆ ಸಂತೋಷ, ಇನ್ನೊಬ್ಬರ ಕೈಗೆ ಹೋಗಿದೆ ಅಂತ ಲೆಕ್ಕ.

ನಮ್ಮ ಟೀಚರ ಶಾಲೆಯ ಎಚ್ಚೆಂ, ಅದೇ ಮುಖ್ಯಶಿಕ್ಷಕರು, ಇದ್ದಾರಲ್ಲ, ಅವರು ಮಾಡಿರೋ ಒಂದು ಏರ್ಪಾಡು ನನಗೆ ಬಹಳ ಹಿಡಿಸಿದೆ. ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ, ಬಾಗಿಲು ಹಾಕೋ ಮೊದಲು, ಶಿಕ್ಷಕರೆಲ್ಲ ಆಫೀಸು ರೂಮಿನಲ್ಲಿ ಕೂರಬೇಕು. ಅಡುಗೆಯವರು ಟೀ ಇಟ್ಟು ಹೋಗಿರ್ತಾರೆ. ಪ್ರತಿಯೊಬ್ಬರೂ ಒಂದೇ ಒಂದು ನೋಟ್‌ಬುಕ್ಕು ತರಬೇಕು. ಚೆನ್ನಾಗಿ ಬರೆದದ್ದಲ್ಲ, ತಮಗೆ ಅರ್ಥವಾಗದೇ ಇದ್ದದ್ದು. ಈ ಮಗು ಯಾಕೆ ಹೀಗೆ ಬರೆದಿದೆ ಅಂತ ಎಲ್ಲ ಸೇರಿ ನೋಡೋದು. ನಲಿ-ಕಲಿ ಟೀಚರು ಒಂದು ಸಲ ಒಬ್ಬ ಹುಡುಗನ ಬರಹ ತಂದಿದ್ದರಂತೆ. ಒತ್ತಕ್ಷರವನ್ನೆಲ್ಲ ಕೆಳಗೆ ಬರೆಯೋ ಬದಲು ಪಕ್ಕದಲ್ಲೇ ಬರೀತಾನೆ, 'ಅಮ್ಮ' ಅನ್ನೋದನ್ನ ಮೂರು ಅಕ್ಷರದ ಸಾಲು ಮಾಡ್ತಾನೆ. ಎಲ್ಲರೂ ತಲೆ ಕೆರೆದುಕೊಂಡರು. ಹಿಂದಿಯ ಟೀಚರು, "ಈ ಮಗು ಮನೇಲಿ ಯಾವ ಭಾಷೆ ಮಾತಾಡುತ್ತೆ? ಹಿಂದೆ ಎಲ್ಲಿ ಓದಿತ್ತು?" ಅಂತ ಕೇಳಿದರು. ನೋಡಿದರೆ ಕೂಲಿಗೆ ಅಂತ ಉತ್ತರದಿಂದ ಬಂದ ಮನೆಯವರ ಮಗು, ಅಲ್ಲಿ ಹಿಂದಿಯಲ್ಲಿ ಅಕ್ಷರ ಕಲಿತಿತ್ತು. ಅದರ ಕೈಗೆ ಅಕ್ಷರಗಳನ್ನ ಅಕ್ಕಪಕ್ಕ ಜೋಡಿಸೋದು ರೂಢಿ. ವರ್ಷಗಟ್ಟಲೆ ಒಂದೇ ರೂಮಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಿದವರು, ಒಬ್ಬರ ವಿಷಯ ಇನ್ನೊಬ್ಬರಿಗೆ ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಅವತ್ತು ತಿಳಿಯಿತಂತೆ.

ಇದಕ್ಕೆ ಖರ್ಚು ಎಷ್ಟು ಹೇಳಿ? ಟೀ ಪುಡಿ, ಸಕ್ಕರೆ. ಅರ್ಧ ಗಂಟೆ ಹೊತ್ತು. ಎಚ್ಚೆಂ ಮೊದಲ ವಾರ ತಮ್ಮ ತರಗತಿಯ ನೋಟ್‌ಬುಕ್ಕನ್ನೇ ತಂದಿಟ್ಟರಂತೆ, ಅದು ದೊಡ್ಡ ಮಾತು. ದೊಡ್ಡವರು ನನಗಿದು ತಿಳೀತಿಲ್ಲ ಅಂದರೆ ಮಿಕ್ಕವರ ಬಾಯಿ ತಾನಾಗಿ ಬಿಚ್ಚುತ್ತೆ. ದುಂಡು ಅಕ್ಷರದ ನನ್ನ ಗೆಳೆಯರಿಗೆ ಇಂಥದ್ದೊಂದು ಶನಿವಾರ ಸಿಗಬೇಕಿತ್ತು.

ಈಗ ಆ ಅಭ್ಯಾಸ ಸುತ್ತಲಿನ ಶಾಲೆಗಳೆಲ್ಲ ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಗೂ ಹೋಗಿದೆ. ಸುತ್ತೋಲೆ ಓದೋದು, ಅಂಕಿ ಅಂಶ ಬರೆಸಿಕೊಳ್ಳೋದು ಮೊದಲರ್ಧದಲ್ಲೇ ಮುಗಿಸಿ, ಮಿಕ್ಕ ಹೊತ್ತನ್ನ ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿಯವರು ಶಿಕ್ಷಕರ ಕೈಗೇ ಬಿಟ್ಟಿದ್ದಾರೆ. ಬರೋ ತಿಂಗಳದ್ದು ನಮ್ಮ ಟೀಚರ ಸರದಿ, ಭಿನ್ನರಾಶಿ. ಮಕ್ಕಳು ಮೂರನೇ ಒಂದಕ್ಕಿಂತ ನಾಲ್ಕನೇ ಒಂದೇ ದೊಡ್ಡದು ಅಂತಾರಂತೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ, ಅದಕ್ಕೆ. ಪಟ್ಟಿ ಕತ್ತರಿಸಿ, ಮಡಚಿ, ಒಂದರ ಮೇಲೊಂದು ಇಟ್ಟು ನೋಡಿದರೆ ಗೊತ್ತಾಗುತ್ತೆ. ಅದಕ್ಕೆ ದಪ್ಪ ಕಾಗದ ಬೇಕು, ಇಡೀ ಕ್ಲಸ್ಟರಿನವರಿಗೆ ಆಗುವಷ್ಟು. ನಮ್ಮ ಮನೆಯ ಹಳೇ ಲಗ್ನಪತ್ರಿಕೆಗಳನ್ನೆಲ್ಲ ಆಗಲೇ ಕೊಟ್ಟಾಯಿತು. ನಿಮ್ಮ ಅಟ್ಟದ ಮೇಲೆ ಇದ್ದರೆ ಇಳಿಸಿಡಿ, ಸಂಜೆ ಟೀಚರನ್ನೇ ಕಳಿಸ್ತೀನಿ. ಅರಿಶಿನ ಕುಂಕುಮ ಹಚ್ಚಿದ್ದಾದರೂ ಪರವಾಗಿಲ್ಲ, ಹಿಂದಿನ ಕಡೆ ಬಿಳಿ ಇದ್ದರೆ ಸಾಕು.